ನೋಡುವ ಊರೂ ನೋಡುವ ಕ್ರಮವೂ

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದರು; ಯಾವುದು ಮೊದಲು, ಯಾವುದು ಅನಂತರ ಎಂಬ ತೀರ್ಮಾನವನ್ನು ಮಾತ್ರ ನಮಗೇ ಬಿಟ್ಟರು. ಆರು ತಿಂಗಳ ಬಿಡುವಿರುವವನಿಗೆ ಇದೊಂದು ದೊಡ್ಡ ಪ್ರಶ್ನೆಯಲ್ಲ. ಅವನು ಸುತ್ತಿ ಬಂದು ಓದಬಹುದು, ಓದಿ ಮತ್ತೊಮ್ಮೆ ಸುತ್ತಬಹುದು. ಎರಡು ಮೂರು ದಿನಗಳಲ್ಲಿ ಒಂದು ಹಳೆಯ ಪಟ್ಟಣವನ್ನು ನೋಡಿಬರಬೇಕೆಂದು ಹೊರಡುವವನಿಗಾದರೋ ಇದೇ ಮೊದಲ ಪ್ರಶ್ನೆ. ಓದದೆ ಹೋದವನು ನೋಡುವುದೇನು? ಓದಿ ಹೋದವನಾದರೂ ಅಷ್ಟು ಅಲ್ಪಕಾಲದಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬೇಕು? ಪ್ರವಾಸದ ಸಿದ್ಧತೆಯೆಂದರೆ ಟಿಕೆಟ್ಟು, ವಸತಿ, ಕೊಡೆಗಳ ಚಿಂತೆಯಷ್ಟೇ ಎಂದು ತಿಳಿದವರಿಗೆ ಈ ಪ್ರಶ್ನೆ ಅತಿಯೆನಿಸೀತು. ಅದು ಅತಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಒಂದು ನಿಜವಾದ ಊರಿನ ನಿದರ್ಶನದಿಂದ ವಿವರಿಸಲು ಯತ್ನಿಸುತ್ತೇನೆ.

ಕಾಲೇಜಿಗೆ ರಜೆಯಿರುವ ಈ ಬೇಸಗೆಯಲ್ಲಿ ನಾನು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲಟ್ ನಗರದಲ್ಲಿರುವ ತಮ್ಮನ ಮನೆಗೆ ಹೋಗುವವನಿದ್ದೇನೆ. ಅಲ್ಲಿಂದ ಮೋಟಾರಿನಲ್ಲಿ ಸುಮಾರು ಮೂರೂವರೆ ಗಂಟೆಯ ದಾರಿಯಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಯ ಮೇಲೆ, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಪಟ್ಟಣವಿದೆ. ಜೂನ್ ತಿಂಗಳ ನಡುವಣ ವಾರದಲ್ಲಿ ಎರಡೂವರೆ ದಿನ ಅಲ್ಲಿ ಇದ್ದು ಬರುವುದೆಂದು ನಿಶ್ಚಯವಾಗಿದೆ. ಇಂಥ ಊರಿಗೆ ಹೊರಡುತ್ತೇನೆಂದೊಡನೆ ತಮ್ಮನ ಮಗಳು ನೋಡಬೇಕಾದ ಸ್ಥಳಗಳ ಪಟ್ಟಿಯೊಂದನ್ನು ಕಳುಹಿಸಿಕೊಟ್ಟಳು. ಉತ್ಸಾಹದಿಂದ ಮಾಡಿದ ಉಪಯುಕ್ತವಾದ ಪಟ್ಟಿ, ಇಪ್ಪತ್ತಮೂರು ಸ್ಥಳಗಳಿವೆ. ಆದರೆ ಪಟ್ಟಿಯೆಂಬುದಕ್ಕೇ ಒಂದು ಸ್ವಭಾವದೋಷವಿದೆ: ಅದರಲ್ಲಿ ಸಕಲವೂ ಸಮಾನ. ಮಹಲೂ ಒಂದು ಸಾಲು, ಮನುಷ್ಯರನ್ನು ಹರಾಜು ಹಾಕಿದ ಮನೆಯೂ ಒಂದು ಸಾಲು, ಒಳ್ಳೆಯ ಐಸ್‌ಕ್ರೀಮು ಸಿಗುವ ಅಂಗಡಿಯೂ ಒಂದು ಸಾಲು.

ಅಮೆರಿಕದವರು 'ದಕ್ಷಿಣ' ಎಂದರೆ ಅದು ಬರಿಯ ದಿಕ್ಕಿನ ಹೆಸರಲ್ಲ. ಭತ್ತ, ನೀಲಿ, ಹತ್ತಿಗಳ ಬೆಳೆ, ಆ ಬೆಳೆಗಳಿಗಾಗಿ ನಡೆಸಿದ ಗುಲಾಮಗಿರಿ, ಅದನ್ನು ಉಳಿಸಿಕೊಳ್ಳಲು ಮಾಡಿದ ಯುದ್ಧ ಎಲ್ಲವೂ ಆ ಮಾತಿನಲ್ಲಿ ಅಡಗಿವೆ. ಚಾರ್ಲ್ಸ್‌ಟನ್ ಈ ಕಥೆಗೆ ಮಧ್ಯರಂಗವಾಗಿತ್ತು. ಇಂಗ್ಲಿಷರು 1670ರಲ್ಲಿ ಈ ವಸಾಹತನ್ನು ಸ್ಥಾಪಿಸಿದರು; ಹತ್ತು ವರ್ಷಗಳ ಬಳಿಕ ಆಷ್ಲೀ ಮತ್ತು ಕೂಪರ್ ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡ ಈಗಿನ ನೆಲಕ್ಕೆ ಅದು ಸ್ಥಳಾಂತರವಾಯಿತು. ಅಮೆರಿಕ ಸ್ವತಂತ್ರವಾಗುವ ಮುನ್ನವೇ ಆ ವಸಾಹತುಗಳ ಅತ್ಯಂತ ಶ್ರೀಮಂತ ಪಟ್ಟಣಗಳಲ್ಲಿ ಇದೊಂದು. ಅಂತರ್ಯುದ್ಧದ ಮೊದಲ ಗುಂಡುಗಳು ಹಾರಿದ್ದೂ ಇಲ್ಲಿಯ ಬಂದರಿನಲ್ಲಿಯೇ. 1861ನೆಯ ಏಪ್ರಿಲ್ 12ರಂದು, ಸಮ್ಟರ್ ಕೋಟೆಯ ಮೇಲೆ.

ಕನ್ನಡಿಗನಿಗೆ ಈ ದೂರದ ಊರಿನ ಗೊಡವೆ ಏಕೆಂದು ಕೇಳಬಹುದು. ಗೊಡವೆ ಇಲ್ಲದಿಲ್ಲ. 1780ನೆಯ ಮೇ 12ರಂದು ಈ ಪಟ್ಟಣ ಬ್ರಿಟಿಷರ ಮುತ್ತಿಗೆಗೆ ಸೋತು ಶರಣಾಯಿತು. ಬಳಿಕ ದಕ್ಷಿಣದ ದಂಡಿನ ಅಧಿಪತ್ಯ ಕಾರ್ನ್‌ವಾಲಿಸನಿಗೆ ಬಂತು. ಮರುವರ್ಷ ಯಾರ್ಕ್‌ಟೌನಿನಲ್ಲಿ ಸೋತು ಅಮೆರಿಕವನ್ನು ಕಳೆದುಕೊಂಡ ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲನಾಗಿ ಹಿಂದೂಸ್ಥಾನಕ್ಕೆ ಬಂದ; 1791ರಲ್ಲಿ ಬೆಂಗಳೂರನ್ನು ಹಿಡಿದ; 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬಿಡಿಸಿಕೊಂಡು, ಆತನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ. ಇನ್ನೂ ಒಂದುಂಟು. 1861ರಿಂದ 1865ರವರೆಗೆ ಉತ್ತರದವರ ನೌಕಾಪಡೆ ಚಾರ್ಲ್ಸ್‌ಟನ್ ಮೊದಲಾದ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಹಿಂದೂಸ್ಥಾನದತ್ತ ಕೈಚಾಚಿದವು. ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಲೆ ಏರಿತು. ಅಲ್ಲಿ ಅದಕ್ಕೆ ಮೊದಲೇ ಬಿತ್ತನೆಗೆ ಬಂದಿದ್ದ ಅಮೆರಿಕದ ತಳಿಯ ಹತ್ತಿಗೆ 'ಧಾರವಾಡ ಅಮೆರಿಕನ್' ಎಂಬ ಹೆಸರೇ ಬಿದ್ದಿತ್ತು. ಅವರ ಯುದ್ಧದ ಲಾಭದ ಒಂದು ತೊಟ್ಟು ನಮ್ಮ ಎರೆಮಣ್ಣಿಗೂ ಬಿದ್ದಿದೆ.

ಈಗ ನೋಡುವ ಕ್ರಮದ ಮಾತು. ಈ ಊರಿಗೆ ಹೋಗುವ ಬಹುಮಂದಿ ಅದರ ಚೆಲುವಿನಿಂದ ಆರಂಭಿಸುತ್ತಾರೆ. ಚೆಲುವು ಇಲ್ಲದಿಲ್ಲ. ಹಳೆಯ ಮನೆಗಳಿರುವ ಭಾಗವನ್ನು ಕಾಪಾಡಲು 1931ರಲ್ಲಿಯೇ ಕಟ್ಟಳೆ ಮಾಡಿದ ಊರು ಅದು. ಅಮೆರಿಕದಲ್ಲಿ ಅಂಥ ಕಟ್ಟಳೆ ಅದೇ ಮೊದಲು. ಪೂರ್ವ ಬೇ ಬೀದಿಯಲ್ಲಿ ಹದಿಮೂರು ಮನೆಗಳು ಒಂದಕ್ಕೊಂದು ಅಂಟಿಕೊಂಡು, ಗುಲಾಬಿ, ಹಳದಿ, ತಿಳಿಹಸಿರು ಬಣ್ಣಗಳಲ್ಲಿ ನಿಂತಿವೆ. ಅದಕ್ಕೆ ಕಾಮನಬಿಲ್ಲಿನ ಸಾಲೆಂದೇ ಹೆಸರು. ಊರಿನ ವಿಶಿಷ್ಟವಾದ ಮನೆ ಬೀದಿಗೆ ಪಕ್ಕೆಯನ್ನು ಕೊಟ್ಟು ನಿಲ್ಲುತ್ತದೆ. ಅದರ ಉದ್ದಕ್ಕೂ ಜಗಲಿಯಂಥ ಕಂಬಸಾಲಿನ ಮೊಗಸಾಲೆ. ದಕ್ಷಿಣಕ್ಕೋ ಪಶ್ಚಿಮಕ್ಕೋ ತೆರೆದ ಆ ಮೊಗಸಾಲೆ ಸಮುದ್ರದ ಗಾಳಿಯನ್ನು ಒಳಕ್ಕೆ ಕರೆಯುತ್ತದೆ. ಜೂನ್ ತಿಂಗಳ ಸೆಕೆ ಅಲ್ಲಿ ನಮ್ಮ ಮಂಗಳೂರಿನ ಬೇಸಗೆಯ ನೆಂಟ. ಬೆವರು ಆರುವುದಿಲ್ಲ, ಮಧ್ಯಾಹ್ನ ಗುಡುಗುಮಳೆ ಬಂದರೂ ಬರಬಹುದು. ಅಂಥ ಹವೆಯಲ್ಲಿ ಆ ಕಟ್ಟಡಕಲೆಯ ಜಾಣ್ಮೆ ಪುಸ್ತಕವಿಲ್ಲದೆಯೂ ಅರ್ಥವಾದೀತು.

ಆದರೆ ಚೆಲುವಿನಿಂದ ಆರಂಭಿಸಿದವನಿಗೆ ಒಂದು ಅಪಾಯವಿದೆ. ಮೊದಲ ದಿನ ಮನಸ್ಸು ಮಹಲುಗಳಿಗೆ ಸೋತುಹೋಗುತ್ತದೆ; ಎರಡನೆಯ ದಿನ ಗುಲಾಮಗಿರಿಯ ಸಂಗತಿ ಎದುರಾದಾಗ ಅದು ಒಂದು ಅಹಿತಕರವಾದ ಅಡಿಟಿಪ್ಪಣಿಯಾಗಿ ಉಳಿಯುತ್ತದೆ. 'ಅಯ್ಯೋ ಪಾಪ' ಎಂದು ಮರುಗಿ ಊಟಕ್ಕೆ ಹೋಗುತ್ತೇವೆ. ಚಾರ್ಲ್ಸ್‌ಟನ್ನಿನಲ್ಲಿ ಆ ಸಂಗತಿ ಅಡಿಟಿಪ್ಪಣಿಯಲ್ಲ, ಮೂಲಗ್ರಂಥ. ಆದುದರಿಂದ ನನ್ನ ಯೋಜನೆಯಲ್ಲಿ ಮೊದಲ ಬೆಳಗು ಕೂಪರ್ ನದಿಯ ದಡದ ಗ್ಯಾಡ್ಸ್‌ಡನ್ ಹಡಗುಕಟ್ಟೆಗೆ ಮೀಸಲು.

ಉತ್ತರ ಅಮೆರಿಕಕ್ಕೆ ಗುಲಾಮರಾಗಿ ತಂದ ಆಫ್ರಿಕದ ಜನರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಈ ಬಂದರಿನ ಮೂಲಕ ಬಂದರೆಂದು ಇತಿಹಾಸಕಾರರ ಅಂದಾಜು. 1808ನೆಯ ಜನವರಿ 1ರಿಂದ ಹೊರದೇಶದ ಗುಲಾಮರ ಆಮದು ಕಾನೂನಿನಂತೆ ನಿಂತಿತು. ಅದಕ್ಕೆ ಹಿಂದಿನ ಕೊನೆಯ ವರ್ಷಗಳಲ್ಲಿ ಹಡಗುಗಳು ತಮ್ಮ ಸೆರೆಯಾಳುಗಳನ್ನು ಇಳಿಸಿದ್ದು ಈ ಕಟ್ಟೆಯಲ್ಲಿ. ಅದೇ ಸ್ಥಳದಲ್ಲಿ 2023ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆಯಿತು. ಕಟ್ಟಡವನ್ನು ಹದಿನೆಂಟು ಕಂಬಗಳ ಮೇಲೆ, ನೆಲದಿಂದ ಹದಿಮೂರು ಅಡಿ ಎತ್ತರದಲ್ಲಿ ನಿಲ್ಲಿಸಿದ್ದಾರೆ. ಆ ನೆಲವನ್ನು ಕಟ್ಟಡ ತುಳಿಯಬಾರದೆಂಬ ಭಾವ. ಅದರ ಬದಿಯ ನೆಲಹಾಸಿನಲ್ಲಿ ಹಡಗಿನ ಒಡಲಲ್ಲಿ ಒತ್ತೊತ್ತಾಗಿ ಮಲಗಿಸಿದ ಮನುಷ್ಯರ ಆಕೃತಿಗಳಿದ್ದು, ತೆಳುವಾದ ನೀರು ಅವುಗಳನ್ನು ಮುಚ್ಚುತ್ತ ತೆರೆಯುತ್ತ ಇರುತ್ತದೆಯಂತೆ. ತಮ್ಮ ವಂಶದ ಬೇರನ್ನು ಹುಡುಕಿಕೊಂಡು ಬರುವವರಿಗೆ ನೆರವಾಗುವ ವಿಭಾಗವೂ ಅಲ್ಲಿದೆ. ಗುಲಾಮರ ಹೆಸರುಗಳು ಎಷ್ಟೋ ವೇಳೆ ಒಡೆಯನ ಆಸ್ತಿಯ ಪಟ್ಟಿಯಲ್ಲಿ ಮಾತ್ರ ಸಿಗುತ್ತವೆ. ತಾತನ ಹೆಸರನ್ನು ದನಕರುಗಳ ಲೆಕ್ಕದ ಪಕ್ಕದಲ್ಲಿ ಹುಡುಕಬೇಕಾದ ಮೊಮ್ಮಗನ ಸ್ಥಿತಿಯನ್ನು ವಾಚಕರು ಕ್ಷಣಕಾಲ ಊಹಿಸಿಕೊಳ್ಳಬೇಕು.

ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಕ್ಯಾಲ್‌ಹೌನ್ ಬೀದಿಯಲ್ಲಿ, ಇಮ್ಯಾನ್ಯುಯೆಲ್ ಎಂಬ ಇಗರ್ಜಿಯಿದೆ. ಲಾಟರಿಯಲ್ಲಿ ಬಂದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ಬಡಗಿ ಡೆನ್ಮಾರ್ಕ್ ವೆಸಿ ಈ ಸಭೆಯ ಆರಂಭಕಾಲದವನು. ಗುಲಾಮರ ದಂಗೆಗೆ ಸಂಚು ಮಾಡಿದನೆಂದು 1822ರಲ್ಲಿ ಅವನನ್ನೂ ಇತರ ಮೂವತ್ತುನಾಲ್ಕು ಮಂದಿಯನ್ನೂ ಗಲ್ಲಿಗೇರಿಸಿದರು. ಅದೇ ಸಭೆಯ ಮಂದಿರದಲ್ಲಿ 2015ನೆಯ ಜೂನ್ 17ರ ಸಂಜೆ, ಬೈಬಲ್ ಪಠನಕ್ಕೆ ಕೂಡಿದ್ದವರ ನಡುವೆ ಬಂದು ಕುಳಿತ ವರ್ಣದ್ವೇಷಿ ಬಿಳಿಯ ಯುವಕನೊಬ್ಬ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದ. ಬೀದಿಯ ಹೆಸರಾದರೂ ಗುಲಾಮಗಿರಿಯನ್ನು ಒಳಿತೆಂದು ವಾದಿಸಿದ ರಾಜಕಾರಣಿ ಜಾನ್ ಕ್ಯಾಲ್‌ಹೌನನದು. ಹತ್ತಿರದ ಚೌಕದಲ್ಲಿ ಎತ್ತರದ ಕಂಬದ ಮೇಲಿದ್ದ ಅವನ ಪ್ರತಿಮೆಯನ್ನು 2020ರ ಜೂನ್ ತಿಂಗಳಲ್ಲಿ ಕೆಳಗಿಳಿಸಿದರು. ಅದಕ್ಕೆ ಎರಡು ವರ್ಷ ಮೊದಲು ನಗರಸಭೆ ಗುಲಾಮಗಿರಿಗಾಗಿ ಕ್ಷಮೆ ಕೋರುವ ನಿರ್ಣಯವನ್ನು ಏಳಕ್ಕೆ ಐದು ಮತಗಳಿಂದ ಅಂಗೀಕರಿಸಿತ್ತು. ಆ ಐದು ಮತಗಳನ್ನೂ ಪ್ರವಾಸಿ ನೆನಪಿಡಬೇಕು. ಇತಿಹಾಸ ಮುಗಿದ ಕಥೆಯಲ್ಲವೆಂಬುದಕ್ಕೆ ಅವೂ ಸಾಕ್ಷಿ. ನಾವು ಹೋಗುವ ವಾರದಲ್ಲಿಯೇ ಜೂನ್ 17 ಬರುತ್ತದೆ. ಆ ಇಗರ್ಜಿಯ ಮುಂದೆ ಚಿತ್ರ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ನಿಂತು ಬರುತ್ತೇವೆ ಎಂದು ಮನೆಯವರೆಲ್ಲ ಒಪ್ಪಿದ್ದಾರೆ.

ಬಿಸಿಲೇರಿದ ಮೇಲೆ ಚಾಮರ್ಸ್ ಬೀದಿಯ ಹಳೆಯ ಗುಲಾಮರ ಮಾರುಕಟ್ಟೆ. ಈಗ ಅದೊಂದು ಸಣ್ಣ ವಸ್ತುಸಂಗ್ರಹಾಲಯ. ಬಯಲಿನಲ್ಲಿ ಹರಾಜು ಹಾಕುವುದು ಊರಿಗೆ ಶೋಭೆಯಲ್ಲವೆಂದು 1856ರಲ್ಲಿ ನಗರಸಭೆ ನಿಷೇಧಿಸಿತು. ವ್ಯಾಪಾರ ನಿಲ್ಲಲಿಲ್ಲ, ಗೋಡೆಗಳ ಮರೆಗೆ ಹೋಯಿತು. ಈ ಒಂದು ಸಂಗತಿಯಲ್ಲಿ ಸಭ್ಯತೆ ಎಂಬ ಮಾತಿನ ಎಷ್ಟೊಂದು ಅರ್ಥ ಬಯಲಾಗುತ್ತದೆ!

ಇಷ್ಟನ್ನು ಕಂಡ ಬಳಿಕ, ಎರಡನೆಯ ದಿನ, ಮಹಲುಗಳು. ಆಗ ಅವುಗಳ ಚೆಲುವು ಕಡಮೆಯಾಗುವುದಿಲ್ಲ. ಅದಕ್ಕೆ ಕರ್ತೃಗಳು ಸಿಗುತ್ತಾರೆ. ಊರಿನ ಹಳೆಯ ಇಟ್ಟಿಗೆಗಳಲ್ಲಿ ಕೆಲವದರ ಮೇಲೆ ಬೆರಳಿನ ಗುರುತುಗಳಿವೆ. ಹಸಿಮಣ್ಣನ್ನು ಅಚ್ಚಿನಿಂದ ತೆಗೆದ ಗುಲಾಮರ, ಅವರ ಎಳೆಯ ಮಕ್ಕಳ ಬೆರಳುಗಳವು. ಹಲವು ಮನೆಗಳಲ್ಲಿ ನಾನು ಆರಿಸಿಕೊಂಡಿರುವುದು ಏಕನ್-ರೆಟ್ ಮನೆಯನ್ನು. ಅದನ್ನು ಹೊಸದರಂತೆ ಮೆರುಗುಗೊಳಿಸದೆ, ಸುಲಿದ ಕಾಗದದ ಗೋಡೆ, ಮಾಸಿದ ಬಣ್ಣಗಳೊಂದಿಗೆ ಇದ್ದಂತೆಯೇ ಉಳಿಸಿದ್ದಾರೆ. ಹಿತ್ತಲಲ್ಲಿ ಅಡುಗೆಮನೆ, ಕುದುರೆಲಾಯ, ಗುಲಾಮರ ಕೊಠಡಿಗಳೂ ಉಳಿದಿವೆ. ಅದೇ ಅಂಗಳದಲ್ಲಿ ನಿಂತು ಮುಂದಿನ ಮನೆಯನ್ನೂ ಹಿಂದಿನ ಮನೆಯನ್ನೂ ನೋಡಬಹುದು. ಒಂದೇ ಅಂಗಳದಲ್ಲಿ ಎರಡೂ ಕಾಣುವಂತಿದ್ದರೆ ಉಳಿದ ಹತ್ತು ಮಹಲುಗಳನ್ನು ಬಿಟ್ಟರೆ ನಷ್ಟವೇನು?

ಕನ್ನಡದ ಅಧ್ಯಾಪಕನಾದ ನನಗೆ ಆ ಊರಿನ ಇನ್ನೊಂದು ಆಕರ್ಷಣೆ ಅನ್ನದ್ದು ಮತ್ತು ಮಾತಿನದು. ಆ ಸೀಮೆಯ ಐಶ್ವರ್ಯ ಮೊದಲು ಬಂದದ್ದು ಭತ್ತದಿಂದ. ಉಬ್ಬರದ ಒತ್ತಡಕ್ಕೆ ನದಿಯ ಸಿಹಿನೀರು ಮೇಲೇರುವುದನ್ನು ಕಟ್ಟೆ, ತೂಬುಗಳಿಂದ ಗದ್ದೆಗೆ ತಿರುಗಿಸುವ ಬೇಸಾಯ ಅದು. ಅಘನಾಶಿನಿಯ ಗಜನಿ ಗದ್ದೆಗಳನ್ನು ಕಂಡವರಿಗೆ ಅದರ ಶ್ರಮ ಎಷ್ಟೆಂದು ಹೇಳಬೇಕಾಗಿಲ್ಲ. ಪಶ್ಚಿಮ ಆಫ್ರಿಕದ ಭತ್ತದ ಸೀಮೆಯಿಂದ ತಂದ ಜನರು ತಮ್ಮ ತೋಳ್ಬಲದೊಂದಿಗೆ ಬೇಸಾಯದ ಅರಿವನ್ನೂ ತಂದರೆಂದು ಪೀಟರ್ ವುಡ್ 1974ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆ ಅರಿವಿನ ಪಾಲೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಮುಂದುವರಿದಿದೆ. ಚರ್ಚೆ ಹೇಗೇ ಇರಲಿ, ಅವರು ಒರಳು ಒನಕೆಗಳಿಂದ ಭತ್ತ ಕುಟ್ಟಿದರು. ಹುಲ್ಲನ್ನು ಸುರುಳಿಸುತ್ತಿ ಹೊಲಿದ ಅಗಲವಾದ ಬುಟ್ಟಿಯನ್ನು ಮೊರವಾಗಿ ಹಿಡಿದು ತೂರಿದರು. ಅದೇ ಹೆಣಿಗೆಯ ಬುಟ್ಟಿಗಳನ್ನು ಅವರ ವಂಶದ ಹೆಂಗಸರು ಇಂದಿಗೂ ಪೇಟೆಯಲ್ಲಿ ಕುಳಿತು ಹೊಲಿದು ಮಾರುತ್ತಾರೆ. ಅಲಸಂದೆ ಕಾಳು ಹಾಕಿದ ಅನ್ನ ಆ ಸೀಮೆಯ ಹೊಸವರ್ಷದ ಊಟ.

ಅವರ ಮಾತಿನ ಹೆಸರು ಗಲ್ಲಾ. ನಾನಾ ಆಫ್ರಿಕನ್ ಭಾಷೆಗಳೂ ಇಂಗ್ಲಿಷೂ ಬೆರೆತು ಹುಟ್ಟಿದ ನುಡಿ. ಓದಿದವರು ಅದನ್ನು ಬಹುಕಾಲ ಕೆಟ್ಟ ಇಂಗ್ಲಿಷೆಂದು ಹಳಿದರು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಜನಾಂಗದ ವಿದ್ವಾಂಸರು ಕಡಲತೀರದ ದ್ವೀಪಗಳಲ್ಲಿ ಆ ಮಾತನ್ನು ದಾಖಲು ಮಾಡಿ, ಆಫ್ರಿಕದ ಭಾಷೆಗಳನ್ನು ಕಲಿತು ತುಲನೆ ಮಾಡಿ, 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಫ್ರಿಕದ ಮೂಲದ ಸಾವಿರಾರು ಪದಗಳನ್ನೂ ಹೆಸರುಗಳನ್ನೂ ತೋರಿಸಿಕೊಟ್ಟರು. ಕಡಲೆಕಾಯಿಗೆ ಅಮೆರಿಕದ ದಕ್ಷಿಣದವರು ಹೇಳುವ 'ಗೂಬರ್' ಎಂಬ ಮಾತು ಮೂಲತಃ ಕಾಂಗೋ ಸೀಮೆಯದು. ಸರಪಳಿಯಲ್ಲಿ ಬಂದವರ ಕೈಯಲ್ಲಿ ಏನೂ ಇರಲಿಲ್ಲ. ನಾಲಗೆಯಲ್ಲಿ ಇಷ್ಟೆಲ್ಲ ಇತ್ತು. ಹಳ್ಳಿಯಿಂದ ಬಂದ ವಿದ್ಯಾರ್ಥಿಯ ಮಾತನ್ನು ತಿದ್ದಲು ಆತುರಪಡುವ ನಮ್ಮಂಥ ಅಧ್ಯಾಪಕರು ಟರ್ನರ್ ಅವರ ಈ ಕೆಲಸವನ್ನು ತಿಳಿದಿರುವುದು ಒಳ್ಳೆಯದು.

ಅಲ್ಪಕಾಲದ ಬೇಸಗೆಯ ಭೇಟಿಯೂ ಫಲ ಕೊಟ್ಟೀತೆಂಬುದಕ್ಕೆ ಆ ಊರಿನಲ್ಲಿಯೇ ಒಂದು ನಿದರ್ಶನವಿದೆ. ಚರ್ಚ್ ಬೀದಿಯ ಒಂದು ಬಡ ಕೇರಿಯನ್ನು ಮನಸ್ಸಿನಲ್ಲಿಟ್ಟು ಚಾರ್ಲ್ಸ್‌ಟನ್ನಿನ ಲೇಖಕ ಡುಬೋಸ್ ಹೇವರ್ಡ್ 1925ರಲ್ಲಿ 'ಪೋರ್ಗಿ' ಎಂಬ ಕಾದಂಬರಿಯನ್ನು ಬರೆದರು. ಅದನ್ನು ಸಂಗೀತನಾಟಕವಾಗಿಸಲು ಹೊರಟ ಜಾರ್ಜ್ ಗೆರ್ಷ್‌ವಿನ್ 1934ರ ಬೇಸಗೆಯ ಕೆಲವು ವಾರಗಳನ್ನು ಸಮೀಪದ ಫಾಲಿ ದ್ವೀಪದಲ್ಲಿ ಕಳೆದು, ಗಲ್ಲಾ ಜನರ ಪ್ರಾರ್ಥನಾಮಂದಿರಗಳಿಗೆ ಹೋಗಿ ಅವರ ಹಾಡನ್ನು ಕೇಳಿದರು. ಆತ ಕೇಳಲೆಂದೇ ಹೋದುದರಿಂದ ಆ ಕೆಲವು ವಾರಗಳು ಸಾರ್ಥಕವಾದವು. 1935ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ಬಂದ ಆ ಕೃತಿ, ವರ್ಣಭೇದದ ಕಟ್ಟಳೆಗಳ ಕಾರಣದಿಂದ, ಅದು ಹುಟ್ಟಿದ ಊರಿನಲ್ಲಿ ಪ್ರಯೋಗವಾಗಲು 1970ರವರೆಗೆ ಕಾಯಬೇಕಾಯಿತು.

ನನ್ನ ಯೋಜನೆಯನ್ನು ದೂರವಾಣಿಯಲ್ಲಿ ಕೇಳಿದ ತಮ್ಮನ ಮಗಳು, 'ದೊಡ್ಡಪ್ಪ, ವರ್ಷಕ್ಕೊಮ್ಮೆ ಬರುವ ರಜೆ. ರಜೆಯಲ್ಲೂ ದುಃಖವನ್ನೇ ನೋಡಬೇಕೇ?' ಎಂದಳು. ಪ್ರಶ್ನೆ ನ್ಯಾಯವಾದುದು. ಅಲ್ಲಿಯೇ ಹುಟ್ಟಿ ಬೆಳೆದವಳು; ಈ ಪಾಠವನ್ನು ಶಾಲೆಯಲ್ಲಿ ಓದಿದವಳು. ದುಃಖವನ್ನೇ ನೋಡಬೇಕೆಂಬುದು ನನ್ನ ವಾದವಲ್ಲ. ಕಡಲಿನಲ್ಲಿ ಆಡೋಣ, ಕಾಮನಬಿಲ್ಲಿನ ಸಾಲಿನಲ್ಲಿ ನಡೆಯೋಣ, ಐಸ್‌ಕ್ರೀಮನ್ನೂ ತಿನ್ನೋಣ. ಆದರೆ ಸುಖವನ್ನು ಒಂದು ದಿನಕ್ಕೂ ಸತ್ಯವನ್ನು ಇನ್ನೊಂದು ದಿನಕ್ಕೂ ಹಂಚಿ, ಸಮಯ ಸಾಲದಾದಾಗ ಎರಡನೆಯದನ್ನು ಕೈಬಿಡುವ ಯೋಜನೆ ಬೇಡ. ಪರದೇಶದವನಾದ ನನಗೆ ಅವರನ್ನು ತೂಗುವ ಹಕ್ಕೆಲ್ಲಿಯದು ಎಂದೂ ಕೇಳಬಹುದು. ತೂಗಲು ನಾನು ಹೋಗುತ್ತಿಲ್ಲ. ದೇವಾಲಯಕ್ಕೆ ದತ್ತಿ ಬಿಟ್ಟವರ ಹೆಸರನ್ನು ಶಾಸನದಲ್ಲಿ ಓದಿ, ಕಲ್ಲು ಹೊತ್ತವರ ಕೇರಿ ಯಾವುದೆಂದು ಕೇಳದೆ ಬರುವ ಅಭ್ಯಾಸ ನಮ್ಮಲ್ಲಿಯೂ ಉಂಟು.

ಉಳಿದ ಅರ್ಧ ದಿನಕ್ಕೆ ಎರಡು ಸ್ಥಳಗಳು ಪೈಪೋಟಿ ನಡೆಸಿವೆ. ಒಂದು, ದೋಣಿಯಲ್ಲಿ ಹೋಗಬೇಕಾದ ಸಮ್ಟರ್ ಕೋಟೆ. ಯುದ್ಧ ಆರಂಭವಾದ ಸ್ಥಳವೆಂಬ ಹಿರಿಮೆ ಅದಕ್ಕಿದೆ. ಆದರೆ ನನಗೆ ಅದಕ್ಕಿಂತ ಮೆಚ್ಚುಗೆಯಾದ ಕಥೆ ರಾಬರ್ಟ್ ಸ್ಮಾಲ್ಸನದು. ಗುಲಾಮನಾಗಿದ್ದ ಈ ನಾವಿಕ 1862ನೆಯ ಮೇ 13ರ ನಸುಕಿನಲ್ಲಿ ಕಪ್ತಾನನ ಟೋಪಿಯನ್ನು ತಾನೇ ಧರಿಸಿ, ಹೆಂಡತಿ ಮಕ್ಕಳನ್ನೂ ಸಂಗಡಿಗರನ್ನೂ ಕೂಡಿಸಿಕೊಂಡು, 'ಪ್ಲಾಂಟರ್' ಎಂಬ ಹಡಗನ್ನು ಅದೇ ಕೋಟೆಯ ಫಿರಂಗಿಗಳ ಮುಂದೆಯೇ ಸರಿಯಾದ ಸಂಜ್ಞೆ ಕೊಟ್ಟು ದಾಟಿಸಿ ಉತ್ತರದವರಿಗೆ ಒಪ್ಪಿಸಿದ. ಮುಂದೆ ಅವನು ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನಾದ.

ಇನ್ನೊಂದು, ಬಂದರಿನ ಬಾಯಲ್ಲಿರುವ ಸಲಿವನ್ ದ್ವೀಪ. ಬಂದ ಹಡಗುಗಳ ಸೆರೆಯಾಳುಗಳಲ್ಲಿ ಎಷ್ಟೋ ಮಂದಿಯನ್ನು, ಊರಿಗೆ ರೋಗ ಹರಡದಿರಲೆಂದು, ಮೊದಲು ಆ ದ್ವೀಪದಲ್ಲಿ ತಡೆದಿಡುತ್ತಿದ್ದರು. ಗುಲಾಮರ ನೆನಪಿಗೆ ತಮ್ಮ ದೇಶದಲ್ಲಿ ಸ್ಮಾರಕವಿಲ್ಲ, ದಾರಿಬದಿಯ ಒಂದು ಸಣ್ಣ ಬೆಂಚೂ ಇಲ್ಲ ಎಂಬ ಅರ್ಥದ ಮಾತನ್ನು ಕಾದಂಬರಿಕಾರ್ತಿ ಟೋನಿ ಮಾರಿಸನ್ 1989ರಲ್ಲಿ ಹೇಳಿದ್ದರು. 2008ರಲ್ಲಿ ಅವರ ಹೆಸರಿನ ಸಾಹಿತ್ಯ ಸಂಘ ಅಂಥದೊಂದು ಬೆಂಚನ್ನು ಆ ದ್ವೀಪದಲ್ಲಿ ಇರಿಸಿತು. ಮಾರಿಸನ್ ತಾವೇ ಅಲ್ಲಿಗೆ ಬಂದಿದ್ದರು. ದೋಣಿಯ ಟಿಕೆಟ್ಟಿನ ಅಗತ್ಯವಿಲ್ಲದ, ನೋಡಲು ಎರಡು ನಿಮಿಷವೂ ಬೇಡದ ಸ್ಥಳ. ತಮ್ಮನ ಮಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಅವಳ ಪಟ್ಟಿಯ ಇಪ್ಪತ್ತಮೂರರಲ್ಲಿ ಹದಿನಾರನ್ನು ಕೈಬಿಟ್ಟು, ಇದೊಂದನ್ನು ಸೇರಿಸಿದ್ದೇನೆ. ಕೊನೆಯ ದಿನ, ಬಿಸಿಲೇರುವ ಮುನ್ನ, ಆ ಬೆಂಚಿನ ಮೇಲೆ ಒಂದು ಗಂಟೆ ಕುಳಿತಿರುವುದು; ಅಷ್ಟೆ. ಸಮ್ಟರ್ ಕೋಟೆಗೆ ಇನ್ನೊಂದು ರಜೆಯಲ್ಲಿ ಹೋಗಬಹುದು.